ಎಣ್ಣೆ ಮಿಲ್ಲಿನ ಮೋಟಾರು ನಿಂತ ಮಧ್ಯಾಹ್ನ

ಗೌರಕ್ಕಾ,

ಮೊಳಕಾಲ್ಮೂರಿನ ನಿಮ್ಮ ಪದ್ದಿ ಬರೆಯುತ್ತಿದ್ದೇನೆ. ನೀವು ಹೋಗಿ ಎರಡು ವರ್ಷ ತುಂಬಿತು. ಇಷ್ಟು ದಿನ ಸುಮ್ಮನಿದ್ದು ಈಗೇಕೆ ಎಂದು ಕೇಳುತ್ತೀರಿ, ಗೊತ್ತು. ಮೊನ್ನೆ ನೀವು ಕಟ್ಟಿದ ನಮ್ಮ ಚಳ್ಳಕೆರೆ ಕಂಪ್ಯೂಟರ್ ಸೆಂಟರಿಗೆ ಬ್ರಾಡ್‌ಬ್ಯಾಂಡ್ ಬಂತು. ಟೆಲಿಫೋನಿನವರು ಬಂದು, ಅಂಗೈಯಗಲದ ಒಂದು ಡಬ್ಬಿ ಇಟ್ಟು, ಕೊಟ್ಟ ಚಹಾ ಆರುವ ಮೊದಲೇ ಎಲ್ಲ ಮುಗಿಸಿಬಿಟ್ಟರು. ನಾನು ನೋಡುತ್ತಾ ನಿಂತಿದ್ದೆ. ಇಷ್ಟೇನಾ? ನಾವಿಬ್ಬರೂ ಒಂದು ಬೇಸಿಗೆಯಿಡೀ ಆ ಕಿರುಚುವ ಮೋಡೆಮ್ಮಿನ ಮುಂದೆ ಕೂತು ಹೆಣಗಿದ್ದೇನು, ಇವರು ನಿಂತ ನಿಲುವಿನಲ್ಲೇ ಮುಗಿಸಿ ಹೋದದ್ದೇನು! ಅವರಿಗೆ ಹೇಳೋಣ ಅನ್ನಿಸಿತು. ಆಮೇಲೆ, ಹೇಳಿದರೆ ಅರ್ಥವಾಗುವವರು ನೀವೊಬ್ಬರೇ ಅನ್ನಿಸಿ ಸುಮ್ಮನಾದೆ.

ನಾನು ಮೊದಲ ಸಲ ನಿಮ್ಮ ಬಾಗಿಲಿಗೆ ಬಂದ ದಿನ ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದೆ. ಹಾನಗಲ್ಲು, ತಳಕು ದಾಟಿ ಚಳ್ಳಕೆರೆ ಮುಟ್ಟುವಷ್ಟರಲ್ಲಿ ಮುಖ ಬಿಳಿಚಿಹೋಗಿತ್ತು. ಎಣ್ಣೆ ಮಿಲ್ಲಿನ ಗೇಟು ದಾಟಿ, ಶೇಂಗಾ ಹೊಟ್ಟಿನ ಗುಡ್ಡೆ ಬಳಸಿ, ಹಳೇ ಗೋಡೌನಿನ ಮುಂದೆ ಬಂದು ನಿಂತರೆ ಒಳಗೆ ಟೈಪ್‌ರೈಟರುಗಳ ಸದ್ದು. ನೀವು ಹೆಸರು ಕೇಳಲಿಲ್ಲ, ಫೀಜಿನ ಮಾತೆತ್ತಲಿಲ್ಲ. "ಮೊದ್ಲು ಮುಖ ತೊಳ್ಕ. ಆಮ್ಯಾಲೆ ಒಂದ್ ಲೋಟ ಮಜ್ಜಿಗೆ ಕುಡಿ" ಅಂದಿರಿ. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಾಗ ನನ್ನ ಕೈ ಹಿಡಿದು ಬೆರಳು ನೋಡಿದಿರಿ.

"ಮಗ್ಗದ ಮನೇಳಾ?"

"ಹೌದ್ರಿ."

"ರೇಷ್ಮೆ ಎಳೆ ಹಿಡ್ದಿರೋ ಬೆರಳಿಗೆ ಈ ಕೀ ಒತ್ತೋದು ಏನ್ ಮಹಾ? ಕೂತ್ಕ."

ಅಷ್ಟೇ ನನ್ನ ಸಂದರ್ಶನ. ಟೈಪಿಂಗ್ ಕಲಿಯಲು ಬಂದವಳು ವರ್ಷ ತಿರುಗುವಷ್ಟರಲ್ಲಿ ಅಲ್ಲೇ ಕಲಿಸುವವಳಾದೆ. ಆ ಮಾತನ್ನು ನೀವು ಅವತ್ತು ಹೇಳದಿದ್ದರೆ ನಾನು ಮುಂದಿನ ಬಸ್ಸಿಗೇ ವಾಪಸ್ ಹೋಗುತ್ತಿದ್ದೆ ಅನ್ನುವುದನ್ನು ನಿಮಗೆ ಎಂದಾದರೂ ಹೇಳಿದ್ದೆನಾ? ನೆನಪಿಲ್ಲ.

ನಿಮ್ಮ ಕತೆ ನನಗೆ ನಿಮ್ಮಿಂದ ಗೊತ್ತಾಗಿದ್ದಲ್ಲ, ನಿಮ್ಮ ಅತ್ತಿಗೆ ಹಪ್ಪಳ ಒಣಹಾಕುತ್ತಾ ಹೇಳಿದ್ದು. ಗಂಡ ತೀರಿಕೊಂಡ ಮೇಲೆ ನೀವು ತವರಿಗೆ ಬಂದಿರಿ. ನಿಮ್ಮ ಅಣ್ಣ ರುದ್ರಪ್ಪನವರು ಮಿಲ್ಲಿನ ಮಾಲೀಕರು, ಬಜಾರಿನಲ್ಲಿ ಹೊರಟರೆ ಜನ ಎದ್ದು ನಮಸ್ಕಾರ ಹೇಳುವಂಥ ಮನುಷ್ಯ. ತಂಗಿಗೆ ಏನೂ ಕಡಿಮೆಯಾಗಬಾರದು, ಮನೆಯೊಳಗೆ ನೆಮ್ಮದಿಯಾಗಿ ಇರಲಿ ಅಂತ ಅವರ ಆಸೆ. ನೀವು ಕೇಳಿದ್ದು ಖಾಲಿ ಬಿದ್ದಿದ್ದ ಗೋಡೌನು. ಕೊಟ್ಟರು. ಆದರೆ ಅದರ ಬಾಗಿಲ ಮೇಲೆ ನೀವು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಬೋರ್ಡು ಹಾಕಿಸಿದ ದಿನವೇ ಮಾತು ಬಿಟ್ಟರು. "ನಮ್ ಮನೆ ಹೆಣ್ಮಗಳು ಅಂಗಡಿ ಇಟ್ಕಂಡು ಕೂತ್ಲು ಅಂತಾರೆ ಜನ" ಅನ್ನುವುದೊಂದೇ ಅವರ ಸಂಕಟ. ಒಂದೇ ಕಾಂಪೌಂಡು, ಒಂದೇ ಅಡಿಗೆಮನೆ. ಮಾತು ಮಾತ್ರ ಅತ್ತಿಗೆಯ ಮೂಲಕ. "ಆಕಿಗೆ ಹೇಳು, ನಾಳೆ ಕರೆಂಟ್ ಇರಲ್ಲ ಅಂತ." "ಅವ್ರಿಗೆ ಹೇಳ್ರಿ ಅತ್ತಿಗೆ, ನಂಗೆ ಗೊತ್ತೈತೆ ಅಂತ." ಇಬ್ಬರೂ ಎದುರೆದುರು ತಟ್ಟೆ ಇಟ್ಟುಕೊಂಡು ಕೂತಿರುತ್ತಿದ್ದಿರಂತೆ! ಅತ್ತಿಗೆ ಇಬ್ಬರ ದನಿಯನ್ನೂ ಮಾಡಿ ತೋರಿಸಿ ನಗುತ್ತಿದ್ದರು. ನಕ್ಕು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಟೈಪ್‌ರೈಟರುಗಳು ಹೋಗಿ ಕಂಪ್ಯೂಟರು ಬಂದಾಗ ನೀವು ಪಟ್ಟ ಸಂಭ್ರಮ ಇನ್ನೂ ಕಣ್ಣ ಮುಂದಿದೆ. ಐದು ಕಂಪ್ಯೂಟರು, ಒಂದು ಫೋನು. ಶೇಂಗಾ ಸುಗ್ಗಿಯಲ್ಲಿ ಹೊಟ್ಟಿನ ಧೂಳು ಒಳಗೆ ಹಾರಿ ಬರುತ್ತದೆಂದು ಕಿಟಕಿಗೆ ಹಳೇ ಸೀರೆ ಕಟ್ಟಿಸಿದಿರಿ. ಇಂಟರ್ನೆಟ್ ಇದ್ದದ್ದು ಮೂಲೆಯ ಒಂದೇ ಕಂಪ್ಯೂಟರಿನಲ್ಲಿ, ಅದೂ ಸಂಜೆ ಹೊತ್ತು ಮಾತ್ರ. ಅದರ ಮುಂದೆ ಹುಡುಗಿಯರು ಒಬ್ಬರ ಹೆಗಲ ಮೇಲೆ ಒಬ್ಬರು ಗಲ್ಲ ಇಟ್ಟು ನಿಲ್ಲುತ್ತಿದ್ದರು. ಅಷ್ಟೂ ಜನ ಮನೆಯಲ್ಲಿ ಕಾಡಿ ಬೇಡಿ ಬಂದವರು. ಹೆಣ್ಣುಮಕ್ಕಳಿಗಷ್ಟೇ ಕಲಿಸುವ ಜಾಗ, ನಡೆಸುವವರು ರುದ್ರಪ್ಪನವರ ತಂಗಿ, ಈ ಎರಡು ಮಾತಿನ ಮೇಲೆ ಊರಿನ ಅಪ್ಪ ಅವ್ವಂದಿರು ಅವರನ್ನು ಕಳಿಸುತ್ತಿದ್ದರು.

ಫಾತಿಮಾ ಬೀ ಬಂದ ಸಂಜೆಯನ್ನು ಮರೆಯಲು ಸಾಧ್ಯವಾ? ಅವರ ಮಗಳು ನಸೀಮಾ ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಅವಳ ಅಬ್ಬಾ ದೂರದ ಗಲ್ಫಿನಲ್ಲಿ ಡ್ರೈವರು. ಗಂಡನಿಗೆ ಕಾಗದ ಬರೆದರೆ ಮುಟ್ಟುವಷ್ಟರಲ್ಲಿ ತಿಂಗಳು, ಕಂಪ್ಯೂಟರಿನಲ್ಲಾದರೆ ಅವತ್ತೇ ಮುಟ್ಟುತ್ತದೆ ಎಂದು ಮಗಳು ಹೇಳಿದ್ದನ್ನು ನಂಬಿ, ಬುರ್ಖಾದ ಮುಖಪರದೆ ಎತ್ತಿ, ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಸೀಮಾ ಟೈಪ್ ಮಾಡುತ್ತಿದ್ದಳು. ಯಾರೂ ಏನೂ ಒತ್ತಲಿಲ್ಲ ಗೌರಕ್ಕ. ತನ್ನಷ್ಟಕ್ಕೆ ತಾನೇ ಒಂದು ಪುಟ ತೆರೆದುಕೊಂಡಿತು. ಅದರ ಹಿಂದೆ ಇನ್ನೊಂದು. ಮೈಮೇಲೆ ಬಟ್ಟೆಯಿಲ್ಲದ ಚಿತ್ರಗಳು. ನಾನು ಮುಚ್ಚಿದಷ್ಟೂ ತೆರೆಯುತ್ತಿದ್ದವು. ಕೊನೆಗೆ ನೀವು ಓಡಿಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದಿರಿ. ಅಷ್ಟರಲ್ಲಿ ಫಾತಿಮಾ ಬೀ ಮಗಳ ರೆಟ್ಟೆ ಹಿಡಿದು ಬಾಗಿಲು ದಾಟಿಯಾಗಿತ್ತು. "ತೌಬಾ! ಇದೇನಾ ನೀವು ಬಚ್ಚಿಗಳಿಗೆ ಕಲಿಸೋದು?"

ಕಂಪ್ಯೂಟರಿಗೆ ಎಲ್ಲಿಂದಲೋ ವೈರಸ್ ಹತ್ತಿತ್ತು. ಅದು ನಮಗೆ ಗೊತ್ತು, ಬಜಾರಿಗೆ ಯಾರು ಹೇಳಬೇಕು? ಮಾರನೇ ದಿನ ಕಿರಾಣಿ ಅಂಗಡಿಯಲ್ಲಿ ನನ್ನನ್ನು ನೋಡಿ ಇಬ್ಬರು ಮಾತು ನಿಲ್ಲಿಸಿದರು. ವಾರದೊಳಗೆ ಅರ್ಧ ಹುಡುಗಿಯರು ಬರುವುದು ಬಿಟ್ಟರು. ಸುದ್ದಿ ಬಸ್ಸು ಹತ್ತಿ ಮೊಳಕಾಲ್ಮೂರಿಗೂ ಹೋಯಿತು. ನಮ್ಮವ್ವ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವಳು ತಲೆ ಎತ್ತದೆ, ನಮ್ಮ ಮನೆಯ ಅರೆ ತೆಲುಗಿನಲ್ಲಿ, "ವದ್ದು ಬಿಡ್ಡಾ, ಮಗ್ಗಂ ಉಂದಿ ಕದಾ" ಅಂದಳು. ಬೇಡ ಮಗಳೇ, ಮಗ್ಗ ಇದೆಯಲ್ಲ. ಬೈದಿದ್ದರೆ ಎದುರು ಮಾತಾಡುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ಈ ಬೇಸಿಗೆ ಮುಗಿಯುವವರೆಗೆ ಹೋಗುತ್ತೇನೆ, ಆಮೇಲೆ ನೀನು ಹೇಳಿದ ಹಾಗೆ ಅಂದೆ.

ನೀವು ಫೋನು ಕಿತ್ತು ಹಾಕುತ್ತೀರಿ, ಬರೀ ಟೈಪಿಂಗ್ ಇರಲಿ ಅನ್ನುತ್ತೀರಿ ಅಂದುಕೊಂಡು ಸೋಮವಾರ ಬಂದೆ. ನೀವು ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಒಂದು ಇಂಗ್ಲಿಷ್ ಕಂಪ್ಯೂಟರ್ ಪತ್ರಿಕೆಯನ್ನು ಮೇಜಿನ ಮೇಲೆ ಹರವಿಕೊಂಡು ಕೂತಿದ್ದಿರಿ. ಅದರ ಜೊತೆ ಬಿಟ್ಟಿಯಾಗಿ ಕೊಟ್ಟ ಸಿ.ಡಿ.ಯಲ್ಲಿ, ವಿಂಡೋಸಿನ ಬದಲು ಕಂಪ್ಯೂಟರಿಗೆ ಹಾಕುವ ಲಿನಕ್ಸ್ ಇತ್ತು. "ಬಾರೇ ಪದ್ದಿ, ಇದ್ನ ಓದು. ಒಂದ್ ಹಳೇ ಕಂಪ್ಯೂಟರ್ರನ್ನ ಬಾಗ್ಲಾಗೆ ಕೂರಿಸಬೇಕಂತೆ. ಫೋನು ಹಚ್ಚೋದು ಅದೊಂದೇ. ಮಿಕ್ಕಿದ್ದೆಲ್ಲಾ ಅದರ ಹಿಂದೆ. ಒಳಗೆ ಏನ್ ಬರ್ಲಿ, ಹೊರಗೆ ಏನ್ ಹೋಗ್ಲಿ, ಅದರ ಕಣ್ಣು ತಪ್ಪಿಸಂಗಿಲ್ಲ. ಫೈರ್‌ವಾಲ್ ಅಂತ ಅದರ ಹೆಸ್ರು."

"ಅಂದ್ರೆ ಬೆಂಕಿ ಗೋಡೆ?"

"ನಮ್ ಮಿಲ್ಲಿನಾಗೂ ಐತಲ್ಲೇ. ಬಾಯ್ಲರಿಗೂ ಎಣ್ಣೆ ಟ್ಯಾಂಕಿಗೂ ನಡುವೆ ನಮ್ಮಪ್ಪ ಕಟ್ಟಿಸಿದ್ದು. ಗೋಡೆ ಐತೆ ಅಂತ ಯಾರಾದ್ರೂ ಮಿಲ್ಲು ಮುಚ್ತಾರಾ? ಗೋಡೆ ಐತೆ ಅಂತ್ಲೇ ನಡಿಸ್ತಾರೆ."

ಆ ಪುಟಗಳನ್ನು ನಾವು ಓದಿದ ರೀತಿ ನೆನೆದರೆ ನಗು ಬರುತ್ತದೆ. ನೀವು ಜೋರಾಗಿ ಓದುವುದು, ನಾನು ಟೈಪ್ ಮಾಡುವುದು. ಒಂದು ಚುಕ್ಕಿ ಬಿಟ್ಟರೂ ಅದು ಬೈಯುತ್ತಿತ್ತು. ಚಿತ್ರವಿಲ್ಲ, ಮೌಸಿಲ್ಲ, ಕಪ್ಪು ಪರದೆ, ಬಿಳಿ ಅಕ್ಷರ. ನಿಮಗೆ ಅದೇ ಹಿಡಿಸಿತು. "ಇದು ನಮ್ ಟೈಪ್‌ರೈಟರ್ ಇದ್ದಂಗೈತೆ, ಮೋಸ ಇಲ್ಲ" ಅಂದಿರಿ. ಫೈರ್‌ವಾಲಿನ ನಿಯಮಗಳನ್ನು ಬರೆಯುವ ಜಾಗಕ್ಕೆ ಬಂದಾಗ ಮೊದಲ ಸಾಲನ್ನು ಎರಡು ಸಲ ಓದಿದಿರಿ. ಮೊದಲು ಎಲ್ಲವನ್ನೂ ಮುಚ್ಚು. ಎರಡನೇ ಸಾಲು: ಬೇಕಾದದ್ದನ್ನು ಒಂದೊಂದಾಗಿ ತೆರೆ. ಕನ್ನಡಕ ತೆಗೆದು ಒರೆಸಿಕೊಂಡಿರಿ. "ನಮ್ಮಣ್ಣ ಮೊದಲ್ನೇ ಸಾಲು ಚೆಂದ ಬರೆದ ಕಣೇ. ಎರಡ್ನೇದು ಬರೆಯೋದು ಮರೆತ." ನಾನು ನಗಬೇಕೋ ಬೇಡವೋ ತಿಳಿಯದೆ ನಿಮ್ಮ ಮುಖ ನೋಡಿದೆ. ನೀವೇ ನಕ್ಕಿರಿ.

ಫೋನಿನ ತಂತಿಯಲ್ಲಿ ಇಂಟರ್ನೆಟ್ ತರಲು ಕಂಪ್ಯೂಟರಿನೊಳಗೆ ಮೊದಲೇ ಇದ್ದ ಮೋಡೆಮ್ಮು ಲಿನಕ್ಸಿನ ಮಾತಿಗೆ ಕಿವಿಗೊಡಲೇ ಇಲ್ಲ. ಅದು ವಿಂಡೋಸಿಗೆಂದೇ ಮಾಡಿದ್ದು, ಬೇರೆಯವರು ಕರೆದರೆ ಓಗೊಡುವುದಿಲ್ಲ ಅನ್ನುವುದು ಆ ಪುಟಗಳನ್ನು ತಿರುತಿರುಗಿ ಓದಿದ ಮೇಲೆ ತಿಳಿಯಿತು. ಹೊರಗಿಡುವ ಮೋಡೆಮ್ಮು ಬೇಕು. ನೀವೇ ಬೆಂಗಳೂರಿಗೆ ಹೋದಿರಿ. ಗಂಡ ಹೋದಮೇಲೆ ನೀವು ಒಬ್ಬರೇ ಅಷ್ಟು ದೂರ ಹೋದದ್ದು ಅದೇ ಮೊದಲು ಅಂತ ಅತ್ತಿಗೆ ಆಮೇಲೆ ಹೇಳಿದರು. ಎಸ್.ಪಿ. ರೋಡಿನ ಕಂಪ್ಯೂಟರ್ ಸಾಮಾನಿನ ಅಂಗಡಿ ಅಂಗಡಿ ಸುತ್ತಿ, ಅದನ್ನು ಶಾಲಿನಲ್ಲಿ ಸುತ್ತಿಕೊಂಡು, ತೊಡೆಯ ಮೇಲಿಟ್ಟುಕೊಂಡು ಬಂದಿರಿ. ದಾರಿಯುದ್ದಕ್ಕೂ ಪಕ್ಕದ ಹೆಂಗಸು "ಕೂಸಿಗೆ ಹುಷಾರಿಲ್ಲೇನ್ರಿ?" ಅಂತ ಕೇಳುತ್ತಿದ್ದಳಂತೆ. "ಇನ್ನೂ ಬಾಯಿ ಬಂದಿಲ್ಲ ನೋಡ್ರಿ, ಅದ್ಕೇ ಸುಮ್ನೈತೆ" ಅಂದಿರಂತೆ ನೀವು!

ಬಾಯಿ ಬಂತು. ಆದರೆ ನಿಲ್ಲಲಿಲ್ಲ. ಮೋಡೆಮ್ಮು ನಂಬರು ಹಚ್ಚುತ್ತಿತ್ತು, ಕಿರುಚುತ್ತಿತ್ತು, ಸೇರಿಕೊಳ್ಳುತ್ತಿತ್ತು, ಸ್ವಲ್ಪ ಹೊತ್ತಿಗೆ ಕಡಿದು ಹೋಗುತ್ತಿತ್ತು. ಪರದೆಯ ಮೇಲೆ ಅದೇ ಎರಡು ಇಂಗ್ಲಿಷ್ ಪದ, ನೋ ಕ್ಯಾರಿಯರ್, ಅಂದರೆ ಆ ಕಡೆಯ ದನಿ ಕೇಳುತ್ತಿಲ್ಲ ಅಂತ. ತಂತಿ ಬದಲಿಸಿದೆವು. ಇಲಿ ಕಡಿದಿರಬಹುದೆಂದು ಗೋಡೆಯುದ್ದಕ್ಕೂ ಬೆರಳಾಡಿಸಿದೆವು. ಫೋನಿನವರು ಬಂದು ನೋಡಿ ಲೈನು ಸರಿಯಿದೆ ಅಂದರು. ನಿಜವಾಗಿಯೂ ಸರಿಯಿತ್ತು, ಕೆಲವು ಸಲ. ನೀವು ಒಂದು ದಿನವೂ ಮುಖ ಸಣ್ಣ ಮಾಡಲಿಲ್ಲ. ನಾನು ಮಾಡಿದೆ. ಬೇಸಿಗೆ ಮುಗಿಯುತ್ತಾ ಬಂದಿತ್ತು, ಅವ್ವನಿಗೆ ಕೊಟ್ಟ ಮಾತು ಹತ್ತಿರವಾಗುತ್ತಿತ್ತು. ಬಸ್ಸಿನಲ್ಲಿ ಕೂತು, ನಾಳೆಯಿಂದ ಬರುವುದಿಲ್ಲ ಎಂದು ನಿಮಗೆ ಹೇಗೆ ಹೇಳಲಿ ಅಂತ ಮಾತು ಜೋಡಿಸಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ, ಊಟದ ಬಿಡುವಿನ ಹೊತ್ತು. ಮಿಲ್ಲಿನ ಆಳುಗಳೆಲ್ಲ ನೆರಳಿಗೆ ಹೋಗಿದ್ದರು. ಕನೆಕ್ಷನ್ ಸಿಕ್ಕಿತು, ಸಿಕ್ಕಿದ್ದು ನಿಂತಿತು. ನಾವು ಪರದೆಯನ್ನೇ ನೋಡುತ್ತಿದ್ದೆವು. ಆಗ ಹೊರಗೆ ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರಿನ ಮೋಟಾರು ಗುಂಯ್ ಎಂದು ಶುರುವಾಯಿತು, ಕಿಟಕಿಯ ಗಾಜು ನಡುಗಿತು, ನಮ್ಮ ಕನೆಕ್ಷನ್ ಕಡಿಯಿತು. ನೀವು ಪರದೆ ಬಿಟ್ಟು ಮೆಲ್ಲಗೆ ಗೋಡೆಯ ಕಡೆ ತಿರುಗಿದಿರಿ. ಮಿಲ್ಲಿಗೆ ಹೋಗುವ ದಪ್ಪ ಕರೆಂಟಿನ ಕೇಬಲ್ಲು, ಅದರ ಮೈಗೆ ಅಂಟಿಕೊಂಡೇ ಬಂದಿದ್ದ ನಮ್ಮ ಫೋನಿನ ತಂತಿ.

"ಪದ್ದಿ," ಅಂದಿರಿ, "ಇಲಿ ಅಲ್ಲ ಕಣೇ. ನಮ್ಮಣ್ಣ."

ನಿಜವಾಗಿ ಅದೇ ಕಾರಣವಾ ಎಂದು ತಿಳಿಯಬೇಕಾದರೆ ಮೋಟಾರು ಸ್ವಲ್ಪ ಹೊತ್ತು ನಿಲ್ಲಬೇಕು. ನಿಲ್ಲಿಸುವವರು ಒಬ್ಬರೇ. "ಅತ್ತಿಗೇರಿಗೆ ಹೇಳಿ ಕೇಳಿಸೋಣ್ರಿ" ಅಂದೆ ನಾನು. ನೀವು ಎದ್ದು ಸೀರೆಯ ನಿರಿಗೆ ಸರಿಮಾಡಿಕೊಂಡಿರಿ. ಮತ್ತೆ ಕೂತಿರಿ. ಮತ್ತೆ ಎದ್ದಿರಿ. ಬೆಂಗಳೂರಿಗೆ ಒಬ್ಬರೇ ಹೋಗಿಬಂದವರಿಗೆ ಆ ಅಂಗಳ ದಾಟುವುದು ಅಷ್ಟು ಕಷ್ಟವಾಯಿತು. ನಾನು ಹಿಂದೆ ಹಿಂದೆ ಬಂದೆ.

ರುದ್ರಪ್ಪನವರು ತೂಕದ ಕಾಟಾದ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಅತ್ತಿಗೆ ಊಟದ ಕ್ಯಾರಿಯರು ಜೋಡಿಸುತ್ತಾ ಅಲ್ಲೇ ಇದ್ದರು. ನೀವು ಮೋಟಾರಿನ ಸದ್ದಿಗೂ ಮೀರಿದ ದನಿಯಲ್ಲಿ, "ಅಣ್ಣಾ, ಮೋಟ್ರು ಒಂಚೂರು ನಿಲ್ಸು" ಅಂದಿರಿ.

ಅವರು ನಿಮ್ಮನ್ನು ನೋಡಿದರು. ಆಮೇಲೆ, ಅಭ್ಯಾಸಬಲ ನೋಡಿ, ಹೆಂಡತಿಯ ಕಡೆ ತಿರುಗಿದರು. "ಯಾಕಂತೆ ಕೇಳೇ."

"ನನ್ನೇ ಕೇಳಣ್ಣಾ. ಇಲ್ಲೇ ನಿಂತೀನಲ್ಲ."

ಅತ್ತಿಗೆಯ ಕೈಯಲ್ಲಿದ್ದ ಮುಚ್ಚಳ ಹಾಗೇ ನಿಂತಿತು. ರುದ್ರಪ್ಪನವರು ನೆಲ ನೋಡಿದರು, ಕಾಟಾ ನೋಡಿದರು. ಆಮೇಲೆ ನಿಮ್ಮ ಕಡೆಗೇ ತಿರುಗಿ, "ಯಾಕೆ?" ಅಂದರು.

"ನಮ್ ಫೋನಿನ ತಂತಿ, ನಿನ್ ಕರೆಂಟಿನ ಕೇಬಲ್ಲು ಒಂದೇ ಗೋಡೆ ಮ್ಯಾಲೆ ಬಂದಾವೆ. ನಿನ್ ಮೋಟ್ರು ಶುರುವಾತು ಅಂದ್ರೆ ನಮ್ದು ಕಡೀತೈತೆ."

"ಹಂಗಾದ್ರೆ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?"

"ನಂಗೂ ಈಗ್ಲೇ ಗೊತ್ತಾಗಿದ್ದು."

ಅವರು ಎದ್ದು ಹೋಗಿ ತಾವೇ ಕೈಯಾರೆ ಸ್ವಿಚ್ಚು ಎಳೆದರು. ಬೇಸಿಗೆ ಬೆಳೆಯ ಶೇಂಗಾ ಬಂದು ಬಿದ್ದಿತ್ತು, ಗೇಟಿನಲ್ಲಿ ಲಾರಿ ನಿಂತಿತ್ತು. ಒಬ್ಬ ಆಳು ಓಡಿಬಂದ. "ಸಾವ್ಕಾರ್ರೇ, ಏನಾತ್ರೀ?" "ಏನಿಲ್ಲ ಹೋಗ್ಲೇ. ತಂಗಿಗೆ ಬೇಕಂತೆ." ಆ ಮಾತು ಕೇಳಿ ಅತ್ತಿಗೆ ಒಳಗೆ ಹೋಗಿಬಿಟ್ಟರು. ಮಿಲ್ಲು ಸದ್ದು ನಿಲ್ಲಿಸಿದಾಗ ಕಾಂಪೌಂಡಿನಲ್ಲಿ ಇಷ್ಟೊಂದು ಗುಬ್ಬಿಗಳಿವೆ ಅನ್ನುವುದು ನನಗೆ ಅವತ್ತೇ ಗೊತ್ತಾಗಿದ್ದು.

ಅವರು ನಮ್ಮ ಹಿಂದೆಯೇ ಬಂದರು. ಬೋರ್ಡಿನ ಕೆಳಗೆ ಒಂದು ಕ್ಷಣ ನಿಂತರು. ಚಪ್ಪಲಿ ಬಿಟ್ಟರು. ಬೋರ್ಡು ಹಾಕಿದ ದಿನದಿಂದ ಅವರು ಆ ಹೊಸ್ತಿಲು ದಾಟಿದ್ದು ಅದೇ ಮೊದಲ ಸಲ ಅಲ್ಲವಾ? ನಾನು ಕುರ್ಚಿ ಹಾಕಿದೆ, ಕೂರಲಿಲ್ಲ. ನೀವು ಕಪ್ಪು ಪರದೆಯಲ್ಲಿ ಒಂದು ಸಾಲು ಹೊಡೆದಿರಿ. ಮೋಡೆಮ್ಮು ನಂಬರು ಹಚ್ಚಿ ಕಿರುಚತೊಡಗಿತು.

"ಏನವ್ವಾ ಇದು, ಹಿಂಗ್ ಬಡ್ಕಂತೈತೆ?"

"ಆ ಕಡೇದೂ ಈ ಕಡೇದೂ ಮಾತಾಡ್ಕಂತಾವಣ್ಣ. ಒಂದು ಒಪ್ಪಂದಕ್ಕೆ ಬರೋತಂಕ ಹಂಗೇ."

ಒಪ್ಪಂದಕ್ಕೆ ಬಂದವು. ಕನೆಕ್ಷನ್ ನಿಂತಿತು. ನಿಮಿಷಗಳು ಕಳೆದರೂ ಕಡಿಯಲಿಲ್ಲ. ಆದರೆ ಅದರ ಹಿಂದೆ ಜೋಡಿಸಿದ ಕಂಪ್ಯೂಟರಿನಲ್ಲಿ ಪುಟ ತೆರೆದರೆ ಖಾಲಿ! ಬಾಗಿಲಲ್ಲಿ ಕೂತ ಹಳೇ ಕಂಪ್ಯೂಟರಿಗೆ ಊರೆಲ್ಲ ಕಾಣುತ್ತಿದೆ, ಒಳಗಿದ್ದವರಿಗೆ ಏನೂ ಇಲ್ಲ. ಇವರು ಇನ್ನೆಷ್ಟು ಹೊತ್ತು ಮೋಟಾರು ನಿಲ್ಲಿಸಿಯಾರು? ನೀವು ಪತ್ರಿಕೆಯ ಪುಟ ತಿರುವುತ್ತಾ, "ಒಂದ್ ಕಡೆ ಸೊನ್ನೆ ಇರ್ತೈತಂತೆ ನೋಡೇ. ಅದು ಸೊನ್ನೆ ಇರೋತಂಕ ಇದು ಒಬ್ರದನ್ನ ಇನ್ನೊಬ್ರಿಗೆ ದಾಟಿಸಲ್ಲ. ಅದ್ನ ಒಂದು ಮಾಡ್ಬೇಕು" ಅಂದಿರಿ. ಹುಡುಕಿದೆ. ಸೊನ್ನೆಯೇ ಇತ್ತು. ಒಂದು ಮಾಡಿದೆ. ಹಿಂದಿನ ಕಂಪ್ಯೂಟರಿನಲ್ಲಿ ಪುಟ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಇಳಿಯುತ್ತಾ ಬಂತು. ಪಕ್ಕದ್ದರಲ್ಲೂ ಬಂತು. ಅದರ ಪಕ್ಕದ್ದರಲ್ಲೂ. ನಾನು ಕುಣಿದೇಬಿಟ್ಟೆ, ರುದ್ರಪ್ಪನವರು ನಿಂತಿದ್ದಾರೆ ಅನ್ನುವುದೂ ಮರೆತು.

ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಇದ್ರಾಗೆ ಶೇಂಗಾ ರೇಟು ಬರ್ತೈತಾ?"

"ಬರ್ತೈತೆ. ಆದ್ರೆ ನಾನು ಬಿಡಂಗಿಲ್ಲ. ಫೈರ್‌ವಾಲ್ ಹಾಕೀನಿ. ನಾನು ಒಪ್ಪಿದ್ದಷ್ಟೇ ಒಳಗೆ."

"ಅಣ್ಣಂಗೂ?"

"ಅಣ್ಣ ಬಂದು ಕೇಳಿದ್ರೆ ನೋಡೋಣ."

ಅವರು ನಕ್ಕರು ಗೌರಕ್ಕ. ಹೊಟ್ಟೆ ಕುಲುಕುವ ಹಾಗೆ. ಮರುದಿನವೇ ಎಲೆಕ್ಟ್ರಿಷಿಯನ್ನು ಬಂದು ನಮ್ಮ ತಂತಿಯನ್ನು ಆಚೆ ಗೋಡೆಯ ಮೇಲೆ ಎಳೆದ. ಮೋಟಾರು ಓಡಿತು, ಮೋಡೆಮ್ಮೂ ಓಡಿತು.

ಆಮೇಲೆ ನೀವು ಸುಮ್ಮನೆ ಕೂತು ಹುಡುಗಿಯರು ಬರಲಿ ಎಂದು ಕಾಯಲಿಲ್ಲ. ಆ ಫೈರ್‌ವಾಲಿನಲ್ಲೇ ನಾವು ಒಪ್ಪಿದ ತಾಣಗಳನ್ನಷ್ಟೇ ಬಿಡುವ ಏರ್ಪಾಡು ಮಾಡಿ, ಬೇರೆ ಏನು ಕೇಳಿದರೂ ಇಂಗ್ಲಿಷ್ ಅಕ್ಷರದಲ್ಲಿ "ಬಾಗಿಲು ಮುಚ್ಚಿದೆ" ಅಂತ ಬರುವ ಹಾಗೆ ಮಾಡಿದೆವು. ನನ್ನನ್ನು ಕರೆದುಕೊಂಡು ಫಾತಿಮಾ ಬೀ ಮನೆಗೆ ಹೋದಿರಿ. ಅವರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. "ನಿಮ್ ಮಗಳನ್ನ ಕಳಿಸ್ರಿ ಅಂತ ಕೇಳಾಕೆ ಬಂದಿಲ್ಲಮ್ಮ. ನೀವು ಬರ್ರಿ. ಬಂದು ಎಷ್ಟ್ ಬೇಕಾದ್ರೂ ತಪ್ಪು ಬಟನ್ ಒತ್ರಿ. ಕೆಟ್ಟದ್ದು ಒಂದ್ ಬಂದ್ರೂ ಆ ಬೋರ್ಡು ನಾನೇ ಇಳಿಸ್ತೀನಿ" ಅಂದಿರಿ. ನಾನು ಹಿಂದಿನಿಂದ ನಿಮ್ಮ ಸೆರಗು ಜಗ್ಗಿದೆ. ಇಷ್ಟು ದೊಡ್ಡ ಮಾತು ಯಾಕೆ ಕೊಡುತ್ತೀರಿ?

ಫಾತಿಮಾ ಬೀ ಬಂದರು, ಜೊತೆಗೆ ಓಣಿಯ ಇನ್ನಿಬ್ಬರು ಹೆಂಗಸರು. ನಿಜವಾಗಿಯೂ ಸಿಕ್ಕಸಿಕ್ಕಲ್ಲಿ ಒತ್ತಿದರು. ನಾನು ಗೋಡೆಗೆ ಒರಗಿ ಅವರ ಬೆರಳನ್ನೇ ನೋಡುತ್ತಿದ್ದೆ. "ಬಾಗಿಲು ಮುಚ್ಚಿದೆ" ಬಂತು. ಮತ್ತೆ ಒತ್ತಿದರು. ಮತ್ತೆ ಅದೇ. ಮತ್ತೆ ಅದೇ.

"ಕ್ಯಾ ಬೋಲ್ತಾ ಯೆ?" ಅಂತ ಕೇಳಿದರು.

"ಬಂದ್ ಐತೆ ಅಂತೈತ್ರಿ" ಅಂದೆ ನಾನು.

"ಎಲ್ಲಾ ಬಂದ್ ಮಾಡಿದ್ರೆ ನಮ್ ಚಿಟ್ಟಿ ಹೆಂಗ್ ಹೋಗ್ತೈತ್ರೀ?"

"ಅದೊಂದು ಬಾಗ್ಲು ನಿಮಗಂತ್ಲೇ ತೆಗ್ದಿಟ್ಟೀವಿ" ಅಂದಿರಿ ನೀವು. ನಸೀಮಾ ಬಂದಳು, ಕೂತಳು, ತಾಯಿ ಹೇಳಿದ್ದನ್ನು ಇಂಗ್ಲಿಷಿಗೆ ತಿರುಗಿಸಿ ಬರೆದಳು. ಉತ್ತರ ಬಂದ ದಿನ ಫಾತಿಮಾ ಬೀ ಅದನ್ನು ಮಗಳಿಂದ ಓದಿಸಿ, ಮತ್ತೊಮ್ಮೆ ಓದಿಸಿ, ಆಮೇಲೆ ಪರದೆಯ ಗಾಜನ್ನು ಬುರ್ಖಾದ ತುದಿಯಿಂದ ಒರೆಸಿದರು. ಧೂಳೇನೂ ಇರಲಿಲ್ಲ. ಬಿಟ್ಟುಹೋದ ಹುಡುಗಿಯರು ಅದರ ಮುಂದಿನ ವಾರದಿಂದ ಒಬ್ಬೊಬ್ಬರಾಗಿ ಬರತೊಡಗಿದರು. ನಮ್ಮವ್ವನಿಗೆ ನಾನೇನೂ ಹೇಳಬೇಕಾಗಲಿಲ್ಲ. ಅವಳೂ ಕೇಳಲಿಲ್ಲ. ಮಳೆಗಾಲ ಬಂತು, ಬೆಳಿಗ್ಗೆ ಎದ್ದು ನನಗೆ ಬುತ್ತಿ ಕಟ್ಟಿಕೊಟ್ಟಳು, ಅಷ್ಟೇ.

ನಿಮ್ಮ ಕಾಯಿಲೆಯ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ದಾವಣಗೆರೆಯ ಆಸ್ಪತ್ರೆಗೆ ನಾನು ಬಂದಾಗಲೆಲ್ಲ ಮಂಚದ ಪಕ್ಕ ನಿಮ್ಮ ಅಣ್ಣ ಇರುತ್ತಿದ್ದರು. ನೀವಿಬ್ಬರೂ ಮಾತಾಡುತ್ತಿದ್ದಿರಿ, ಬಾಲ್ಯದ್ದು, ಅಪ್ಪನದ್ದು, ಯಾವುದೋ ಎತ್ತಿನದ್ದು. ಮಾತು ಬಿಟ್ಟಿದ್ದ ವರ್ಷಗಳನ್ನೆಲ್ಲ ತುಂಬಿಕೊಳ್ಳುವ ಆತುರ. ನನ್ನನ್ನು ನೋಡಿದ ಕೂಡಲೇ, "ಹೆಂಗೈತೆ ಕನೆಕ್ಷನ್?" ಅನ್ನುತ್ತಿದ್ದಿರಿ. ಚೆನ್ನಾಗಿದೆ ಅಂದರೆ ಸಾಕು, ಕಣ್ಣು ಮುಚ್ಚುತ್ತಿದ್ದಿರಿ. ಗೋಡೌನು ಮತ್ತೆ ಶೇಂಗಾ ಚೀಲಕ್ಕೇ ಹೋಗುತ್ತದೆ ಅಂತ ಬಜಾರಿನವರು ಮಾತಾಡಿಕೊಂಡರು. ನಿಮ್ಮ ಕಾರ್ಯ ಮುಗಿದ ಮಾರನೇ ದಿನ ರುದ್ರಪ್ಪನವರು ಬೀಗದಕೈ ತಂದು ನನ್ನ ಕೈಯಲ್ಲಿಟ್ಟರು. "ಟೈಮಾತು. ಬಾಗ್ಲು ತೆಗಿಯಮ್ಮ, ಹುಡುಗೀರು ಬಿಸಿಲಾಗೆ ನಿಂತಾವೆ" ಅಂದವರೇ ಹೊರಟುಹೋದರು.

ನಾನು ನಿಮಗೆ ಋಣಿ ಅಂತ ಬರೆದರೆ ನೀವು ಆ ಸಾಲನ್ನು ಹೊಡೆದುಹಾಕುತ್ತೀರಿ. ಆದರೂ ಬರೆಯುತ್ತೇನೆ. ನಿಮಗೂ ಏನೂ ಗೊತ್ತಿರಲಿಲ್ಲ, ನನಗೂ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರ ಮುಂದೆ ಇಷ್ಟು ಧೈರ್ಯವಾಗಿ, ಇಷ್ಟು ಖುಷಿಯಾಗಿ ಕೂರಬಹುದು ಅನ್ನುವುದನ್ನು ನಾನು ಇನ್ಯಾರಲ್ಲೂ ನೋಡಲಿಲ್ಲ. ಇವತ್ತು ಹೊಸ ಹುಡುಗಿಯೊಬ್ಬಳು ಪರದೆ ನೋಡಿ ಹೆದರಿದರೆ, ನಾನು ಅವಳ ಪಕ್ಕ ಕುರ್ಚಿ ಎಳೆದುಕೊಳ್ಳುತ್ತೇನೆ. ನೀವು ಕಲಿಸಿದ್ದು ಅದನ್ನೇ, ಅಲ್ಲವಾ?

ಈಗ ಸುದ್ದಿ. ಇದಕ್ಕಾಗಿಯೇ ಬರೆಯಲು ಕೂತದ್ದು.

ನಿಮ್ಮ ಅಣ್ಣ ಮಿಲ್ಲನ್ನು ಮಗನಿಗೆ ಬಿಟ್ಟುಕೊಟ್ಟಿದ್ದಾರೆ. ಹೋದ ತಿಂಗಳಿಂದ, ಊಟವಾದ ಮೇಲೆ, ಬೆಳಗಿನ ಬ್ಯಾಚು ಹೋಗಿ ಸಂಜೆಯದ್ದು ಬರುವ ಮೊದಲು ನಮ್ಮಲ್ಲಿಗೆ ಬರುತ್ತಾರೆ. "ಏನ್ ಕಲೀತೀರಿ ಸಾವ್ಕಾರ್ರೇ, ಲೆಕ್ಕ ಬರೆಯೋದಾ?" ಅಂದೆ. "ಬ್ಯಾಡ. ಕನ್ನಡ ಹೊಡೆಯೋದು ಕಲ್ಸು" ಅಂದರು. ಒಂದೇ ಬೆರಳು. ಕೀ ಹುಡುಕುವಾಗ ತುಟಿ ಅಲುಗುತ್ತದೆ. ಮೊದಲ ವಾರ ಅ, ಆ. ಆಮೇಲೆ ಕ, ಖ. ತಪ್ಪಿದರೆ ತಮ್ಮನ್ನೇ ಬೈದುಕೊಳ್ಳುತ್ತಾರೆ. ನಿನ್ನೆ ಕರೆದು, ತಲೆ ಎತ್ತದೆಯೇ ಕೇಳಿದರು: "ಪದ್ದಮ್ಮಾ, ಗ-ಕ್ಕೆ ಔ ಹೆಂಗೆ ಕೊಡೋದು?"

ತೋರಿಸಿದೆ. "ಆತು, ನೀ ಹೋಗು" ಅಂದರು. ನಾನು ಕಿಟಕಿಯ ಹತ್ತಿರ ಹೋಗಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ ನಿಂತೆ. ಕೀಲಿಗಳ ಸದ್ದು ಬಹಳ ಹೊತ್ತು ನಿಲ್ಲಲಿಲ್ಲ. ತಿರುಗಿ ನೋಡಿದರೆ ಪರದೆಯ ತುಂಬಾ, ಸಾಲಿನ ಕೆಳಗೆ ಸಾಲು, ಒಂದೇ ಹೆಸರು. ಗೌರಿ. ಗೌರಿ. ಗೌರಿ. ಇನ್ನೂ ಹೊಡೆಯುತ್ತಲೇ ಇದ್ದರು.

ನಿಮ್ಮ
ಪದ್ದಿ